ಸೋಮವಾರದ ಸಹಿ

ನನ್ನ ಮೇಜಿನ ಮೇಲೆ, ಪೆನ್ನುಗಳ ಡಬ್ಬಿಯಲ್ಲಿ ಒಂದು ದಬ್ಬಣವಿದೆ. ಗೇಣುದ್ದದ, ತುದಿ ತುಸು ಬಾಗಿದ, ಹಿಡಿಯುವಲ್ಲಿ ಹಳೆಯ ಬಟ್ಟೆ ಸುತ್ತಿದ ಈ ಕಬ್ಬಿಣದ ಸೂಜಿ ನನ್ನ ತವರಿನಲ್ಲಿ ಜೋಳದ ಚೀಲಗಳ ಬಾಯಿ ಹೊಲಿಯುತ್ತಿತ್ತು. ಈಗ ಮರಾಠಿ ಸೀಮೆಯ ಗಡಿಯೂರು ಉಮರ್ಗಾದಲ್ಲಿ, ಹೈದರಾಬಾದಿನ ಹೆದ್ದಾರಿಗೆ ಮುಖ ಮಾಡಿದ ಎರಡು ಕೋಣೆಯ ವಕೀಲರ ಕಚೇರಿಯಲ್ಲಿ, ಜನ ಕಳೆದುಕೊಂಡ ನೌಕರಿಗಳ ಕಾಗದ ಹೊಲಿಯುತ್ತದೆ. ಸ್ಟೇಪ್ಲರ್ ಮೂವತ್ತು ಹಾಳೆಗೇ ಕೈಮುಗಿದುಬಿಡುತ್ತದೆ. ಒಬ್ಬ ಮನುಷ್ಯನ ನೌಕರಿ ಹೋಯಿತು ಎಂದು ಕೋರ್ಟಿಗೆ ಹೇಳಬೇಕಾದರೆ ಮಾತ್ರ ನೂರಿಪ್ಪತ್ತು ಹಾಳೆಯಾದರೂ ಬೇಕು. ನೌಕರಿ ಹೋಗುವುದಕ್ಕೆ ಒಂದು ಹಾಳೆಯೂ ಬೇಕಾಗಿರುವುದಿಲ್ಲ. ನಾಳೆಯಿಂದ ಬರಬೇಡ ಎಂಬ ಒಂದು ಮಾತು ಸಾಕು, ಅದೂ ಬಹಳ ಸಲ ಗೇಟು ಕಾಯುವವನ ಬಾಯಿಂದ ಬಂದಿರುತ್ತದೆ.

ನಾನು ವಕೀಲಳಲ್ಲ. ನನ್ನ ಹುದ್ದೆಗೆ ಪ್ಯಾರಾಲೀಗಲ್ ಎಂಬ ಹೆಸರಿದೆ, ಅದಕ್ಕೊಂದು ಕೋರ್ಸೂ ಇದೆ, ಆ ಕೋರ್ಸಿನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ; ಆದರೆ ಊರು ನನ್ನನ್ನು ಕರೆಯುವುದು ವಕೀಲಬಾಯಿಯ ಹತ್ತಿರ ಬರೆಯೋ ಹುಡುಗಿ ಎಂದೇ. ನಲವತ್ತೊಂದರ ವಯಸ್ಸಿನಲ್ಲಿ ಹುಡುಗಿ ಎನಿಸಿಕೊಳ್ಳುವ ಸುಖವನ್ನು ನಾನಾಗಿ ಏಕೆ ಕಳೆದುಕೊಳ್ಳಲಿ ಎಂದು ಸುಮ್ಮನಿದ್ದೇನೆ. ನಮ್ಮ ವಕೀಲಬಾಯಿ ಲಾತೂರ ಪೇಟೆಯಲ್ಲಿ ಹುಟ್ಟಿ ಬೆಳೆದ ಮರಾಠಿ ಹೆಣ್ಣುಮಗಳು. ನೌಕರಿಯ ತಂಟೆ ಬಿಟ್ಟು ಬೇರೆ ಯಾವ ಮೊಕದ್ದಮೆಯನ್ನೂ ಅವರು ಮುಟ್ಟುವುದಿಲ್ಲ. ಆಸ್ತಿ ಪಾಲು, ಗಂಡಹೆಂಡಿರ ಸೋಡಚೀಟಿ, ಹೊಡೆದಾಟ ಎಂದು ಬಂದವರನ್ನು ಪಕ್ಕದ ಮೆಟ್ಟಿಲು ತೋರಿಸಿ ಕಳಿಸುತ್ತಾರೆ. ಹೀಗಾಗಿ ನಿಲಂಗಾ, ಉದಗೀರ, ಮುರುಮ, ಲೋಹಾರಾ ಕಡೆಯ ಕಾರ್ಖಾನೆ, ಶಾಲೆ, ಎಣ್ಣೆ ಗಿರಣಿ, ಗೋದಾಮುಗಳಿಂದ ಹೊರಬಿದ್ದವರೆಲ್ಲ ಒಂದಲ್ಲ ಒಂದು ದಿನ ನಮ್ಮ ಬೆಂಚಿನ ಮೇಲೆ ಕೂತಿರುತ್ತಾರೆ.

ಬರುವಾಗ ಅವರು ತರುವ ಪುರಾವೆಗಳನ್ನು ನೀವು ನೋಡಬೇಕು. ನೇಮಕದ ಪತ್ರ ಯಾರ ಹತ್ತಿರವೂ ಇರುವುದಿಲ್ಲ. ಕಾರ್ಖಾನೆಯ ಹೆಸರು ಬರೆದ ಟೋಪಿ, ಜೆಂಡಾ ವಂದನೆಯ ದಿನ ಸಾಹೇಬರ ಹಿಂದೆ ಅರ್ಧ ಮುಖ ಕಾಣುವ ಫೋಟೋ, ದೀಪಾವಳಿಗೆ ಕೊಟ್ಟ ಸ್ಟೀಲ್ ಡಬ್ಬಿ, ಬಣ್ಣಗೆಟ್ಟ ಗೇಟ್ ಪಾಸ್. ಇಪ್ಪತ್ತು ವರ್ಷದ ಬದುಕನ್ನು ಒಂದು ಕೈಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಎದುರಿನ ಪಕ್ಷದ ಉತ್ತರವೂ ನನಗೆ ಬಾಯಿಪಾಠವಾಗಿದೆ: ಇವನನ್ನು ನಾವು ತೆಗೆಯಲಿಲ್ಲ, ಇವನೇ ಬರುವುದು ಬಿಟ್ಟ. ಬಿಟ್ಟನೋ ಬಿಡಿಸಿದರೋ ಎಂಬುದರ ಸುತ್ತಲೇ ನನ್ನ ಹದಿನಾರು ವರ್ಷ ತಿರುಗಿದೆ. ಮೊದಮೊದಲು ಒಬ್ಬೊಬ್ಬರ ಕಥೆಗೂ ಕಣ್ಣೀರು ಬರುತ್ತಿತ್ತು. ಈಗ ತಾರೀಖು ಕೇಳುತ್ತೇನೆ. ಕಣ್ಣೀರಿಗೆ ತಾರೀಖಿಲ್ಲ, ಕೋರ್ಟಿಗೆ ತಾರೀಖಿಲ್ಲದೆ ನಡೆಯುವುದಿಲ್ಲ. ಇಷ್ಟು ತಿಳಿದ ಮೇಲೆ ಮನಸ್ಸು ತಾನಾಗಿ ಒಂದು ಮೊಳ ದೂರ ಕೂರುವುದನ್ನು ಕಲಿತುಬಿಡುತ್ತದೆ. ಇದನ್ನು ಕಲ್ಲುಹೃದಯ ಎನ್ನುವವರು ಅನ್ನಲಿ, ನನಗೆ ಇದು ಕೆಲಸದ ಉಪಕರಣ.

ಇನ್ನೊಂದು ಮಾತು. ಈ ಗಡಿಯಲ್ಲಿ ಜನ ಅಳುವುದು ಕನ್ನಡದಲ್ಲಿ, ಪ್ರಮಾಣ ಮಾಡುವುದು ಮರಾಠಿಯಲ್ಲಿ. ಮನೆಯ ಮಾತಿನಲ್ಲಿ ಅವರು ಹೇಳಿದ್ದನ್ನೆಲ್ಲ ನಾನು ಕೋರ್ಟಿನ ಮರಾಠಿಗೆ ತಿರುಗಿಸಿ, ಅಂಕಿ ಹಾಕಿದ ಕಂಡಿಕೆಗಳಾಗಿ ಕತ್ತರಿಸಿ, ಗುಣವಾಚಕಗಳನ್ನು ಕಿತ್ತು, ಮತ್ತೆ ಕನ್ನಡದಲ್ಲಿ ಅವರಿಗೇ ಓದಿ ಹೇಳಿ ಸಹಿ ಹಾಕಿಸುತ್ತೇನೆ. ಅದಕ್ಕೆ ಶಪಥಪತ್ರ ಎನ್ನುತ್ತಾರೆ. ಅದನ್ನು ನಾನು ಚೆನ್ನಾಗಿ ಬರೆಯುತ್ತೇನೆ ಎಂದು ಲಾತೂರಿನ ಕಾರ್ಮಿಕ ನ್ಯಾಯಾಲಯದ ಕಟ್ಟೆಯ ಮೇಲೆ ನಾಲ್ಕು ಜನ ಹೇಳುವುದುಂಟು. ಆ ಹೆಮ್ಮೆ ಒಂದು ಮಧ್ಯಾಹ್ನ ಮಣ್ಣು ಮುಕ್ಕಿದ ಸಂಗತಿಯನ್ನು ನಿಮಗೆ ಹೇಳಬೇಕೆಂದೇ ಇಷ್ಟು ಪೀಠಿಕೆ ಹಾಕಿದೆ.

ಸಿದ್ರಾಮಪ್ಪ ನಮ್ಮ ಕಚೇರಿಗೆ ಬಂದದ್ದು ಕೈಚೀಲವೂ ಇಲ್ಲದೆ. ನಿಲಂಗಾ ತಾಲೂಕಿನ, ಆದರೆ ಉಮರ್ಗಾಕ್ಕೆ ಹತ್ತಿರವಾಗುವ ಒಂದು ಊರಿನವರು. ತಲೆತಲಾಂತರದಿಂದ ಹೊಲ ಮಾಡಿಕೊಂಡು ಬಂದ ಶಿವಭಕ್ತರ ಮನೆತನ. ಮನೆಯ ಹೊಲವನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದರಿಂದ, ಸಮೀಪದಲ್ಲೇ ಒಂದು ಬೀಜದ ಕಂಪನಿ ಹಾಕಿದ ಪ್ರಯೋಗದ ತೋಟದಲ್ಲಿ ಇವರು ಎತ್ತಿನ ಆಳಾಗಿ ಸೇರಿದ್ದರು. ಆ ತೋಟದಲ್ಲಿ ಸೋಯಾ, ತೊಗರಿಗಳನ್ನು ಚಾಪೆಯಗಲದ ಚಿಕ್ಕ ಚಿಕ್ಕ ಮಡಿಗಳಲ್ಲಿ ಬೆಳೆಸಿ ನೋಡುತ್ತಾರೆ. ಅಂಥ ಮಡಿಗಳ ನಡುವೆ ದೊಡ್ಡ ಯಂತ್ರ ಹೊರಳುವುದಿಲ್ಲವೆಂದು ಎರಡು ಜೋಡಿ ಎತ್ತು ಇಟ್ಟಿದ್ದರು. ಹನ್ನೊಂದು ವರ್ಷ ಇವರು ಆ ಎತ್ತುಗಳನ್ನು ಹೂಡಿ ಕಳೆ ತೆಗೆಯುವ ಎಡೆಕುಂಟೆ ಹೊಡೆದರು. ಆಮೇಲೆ ಕಂಪನಿಯವರು ಸಣ್ಣ ಮಡಿಯಲ್ಲೂ ಓಡಾಡುವ ಪುಟ್ಟ ಟ್ರ್ಯಾಕ್ಟರ್ ತಂದರು, ಎತ್ತುಗಳನ್ನು ಉದಗೀರದ ಸಂತೆಗೆ ಹೊಡೆದರು, ಇವರಿಗೆ ಮನೆಯಲ್ಲಿರು ಎಂದರು. ಆಗ ಸಿದ್ರಾಮಪ್ಪನವರಿಗೆ ಐವತ್ತನಾಲ್ಕು.

ಪರಿಹಾರ ಕೇಳೋಣವೇ, ನೌಕರಿ ಕೇಳೋಣವೇ ಎಂದು ವಕೀಲಬಾಯಿ ನನ್ನಿಂದ ಕೇಳಿಸಿದರು. ಬಂದವರಲ್ಲಿ ಬಹುತೇಕರು ಇಲ್ಲಿ ತಡೆದು, ಎರಡೂ ಸಿಗುವುದಾದರೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಇವರು ತಡೆಯಲಿಲ್ಲ. "ನೌಕರಿನೇ ಕೇಳ್ರಿ ತಾಯಿ. ಈ ವಯಸ್ಸಿಗಿ ಹೊಸಾ ಜಾಗಾದಾಗ ನನಗ ಯಾರ್ ಕರೀತಾರ? ಮನ್ಯಾಗ ಕೂಡೂದು ನನಗ ಬರಂಗಿಲ್ಲ," ಎಂದರು. ಅಣ್ಣನ ದುಡಿಮೆಯ ಮೇಲೆ ಕೂತು ಉಣ್ಣುವುದು ಅವರಿಗೆ ಆಗದ ಮಾತು ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ತವರು ಮುರುಮದ ಹತ್ತಿರದ ಊರೆಂದೂ, ನಮ್ಮಪ್ಪ ಆ ಊರ ಅಯ್ಯನವರೆಂದೂ ಗೊತ್ತಾದ ಮೇಲಂತೂ ಅವರಿಗೆ ನನ್ನ ಮೇಲೆ ವಿಪರೀತ ನಂಬಿಕೆ ಬಂದುಬಿಟ್ಟಿತು. ಅಯ್ಯನವರ ಮಗಳು ಬರೆದದ್ದರಲ್ಲಿ ತಪ್ಪಿರುತ್ತದೆಯೇ ಎಂದು ಶಪಥಪತ್ರವನ್ನು ಓದಿ ಹೇಳುವಾಗ ಅರ್ಧಕ್ಕೇ ಸಹಿಗೆ ಕೈ ಚಾಚಿದರು.

ಅಯ್ಯನವರೆಂದರೆ ನಿಮ್ಮ ಕಡೆ ಏನೆನ್ನುತ್ತಾರೋ ಕಾಣೆ; ಶಿವಭಕ್ತರ ಮನೆಗಳ ಪೂಜೆ, ಮದುವೆ, ತೊಟ್ಟಿಲು, ಮಣ್ಣು ಎಲ್ಲಕ್ಕೂ ಬೇಕಾಗುವವರು. ಸೋಮವಾರ ಶಿವನ ವಾರ. ಎತ್ತು ಶಿವನ ವಾಹನ. ಆದ್ದರಿಂದ ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮಳೆ ಕಾದು ನಿಂತಿರಲಿ, ಹೊಲ ಹದಕ್ಕೆ ಬಂದಿರಲಿ, ಇಡುವುದಿಲ್ಲ. ಅಮಾವಾಸ್ಯೆಗೂ ಹಾಗೆಯೇ. ಊರ ಎತ್ತುಗಳೆಲ್ಲ ಬಿಡುವಾಗಿರುವ ಆ ದಿನ ನಮ್ಮಪ್ಪನಿಗೆ ಉಸಿರು ಬಿಡಲು ಪುರುಸೊತ್ತಿರುತ್ತಿರಲಿಲ್ಲ. ಕತ್ತಲಿರುವಾಗಲೇ ಮಿಂದು, ವಿಭೂತಿ ಧರಿಸಿ, ಮೂವತ್ತು ಮನೆಗಳ ಹೊಸ್ತಿಲು ತುಳಿದು, ಮಧ್ಯಾಹ್ನ ಎರಡಕ್ಕೆ ಬಂದು ಕಾಲು ಚಾಚುತ್ತಿದ್ದರು. ಅವ್ವ ಹಿಂದಿನ ದಿನವೇ ಮನೆಯೆಲ್ಲ ಸಾರಿಸಿ, ಎಡೆಗೆ ಅಡುಗೆ ಮಾಡಿ, ಬಂದವರಿಗೆಲ್ಲ ಬಡಿಸಿ ಕೊನೆಗೆ ತಾನು ಉಣ್ಣುತ್ತಿದ್ದಳು. ಯಾರಾದರೂ ಬಂದು ಈ ದಿನ ಏನು ಕೆಲಸ ಎಂದರೆ ಇಬ್ಬರದೂ ಒಂದೇ ಉತ್ತರ: ಇವತ್ತು ಸೋಮವಾರ, ಕೆಲಸ ಎಲ್ಲಿಯದು. ಆ ಉತ್ತರದಲ್ಲಿ ಏನಾದರೂ ವಿಚಿತ್ರವಿದೆಯೆಂದು ನನಗೆ ನಲವತ್ತು ವರ್ಷ ಹೊಳೆದಿರಲಿಲ್ಲ.

ಆದ್ದರಿಂದಲೇ ಸಿದ್ರಾಮಪ್ಪ ತಮ್ಮ ಹನ್ನೊಂದು ವರ್ಷವನ್ನು ಹೇಳುತ್ತಾ, ಸೋಮವಾರ ಅಮಾವಾಸ್ಯೆ ಬಿಟ್ಟು ಎಲ್ಲಾ ದಿನ ಕೆಲಸಕ್ಕೆ ಹೋಗಿದ್ದೇನೆ ಎಂದಾಗ, ನಾನು ಪೆನ್ನು ಎತ್ತಲೂ ಇಲ್ಲ, ಮುಖ ನೋಡಲೂ ಇಲ್ಲ. ಹೌದಲ್ಲ ಮತ್ತೆ ಎಂಬ ಹಾಗೆ ಅದನ್ನೇ ಮರಾಠಿಯಲ್ಲಿ ನಾಲ್ಕನೆಯ ಕಂಡಿಕೆಯಾಗಿ ಬರೆದೆ. ವಕೀಲಬಾಯಿ ಓದಿದರು. ಆ ಕಡೆಯ ತೋಟಗಳಲ್ಲಿ ವಾರದ ರಜೆ ಸೋಮವಾರ ಇರಬಹುದು ಎಂದುಕೊಂಡರಂತೆ. ಒಂದು ತಪ್ಪು ಸಲೀಸಾಗಿ ದಾಟಿಹೋಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಬಲ್ಲವಳಿಗೆ ಅದು ತೀರ ಗೊತ್ತಿದ್ದದ್ದು, ಅರಿಯದವರಿಗೆ ಕೇಳುವಷ್ಟು ದೊಡ್ಡದಲ್ಲದ್ದು. ದಬ್ಬಣದಿಂದ ಹೊಲಿದೆ, ದಾರಕ್ಕೆ ಗಂಟು ಹಾಕಿದೆ, ಸಲ್ಲಿಸಿದೆವು.

ಈಗ ಕಾನೂನಿನ ಒಂದೇ ಒಂದು ಎಳೆ ಹೇಳುತ್ತೇನೆ, ಹೆದರಬೇಡಿ. ತೆಗೆದುಹಾಕುವ ಮೊದಲಿನ ಹನ್ನೆರಡು ತಿಂಗಳಲ್ಲಿ ಕೆಲಸಗಾರ ಇನ್ನೂರ ನಲವತ್ತು ದಿನ ದುಡಿದಿರಬೇಕು. ದುಡಿದಿದ್ದರೆ ಅವನನ್ನು ಬರಬೇಡ ಎಂದು ಬಾಯಿಮಾತಿನಲ್ಲಿ ಕಳಿಸುವಂತಿಲ್ಲ. ಕಳಿಸಿದರೆ ಕೋರ್ಟು ಮರಳಿ ಸೇರಿಸಬಹುದು. ಇನ್ನೂರ ಮೂವತ್ತೊಂಬತ್ತಾದರೆ ಹೋಗಿ ಬಾ ಎನ್ನುತ್ತದೆ. ಹನ್ನೊಂದು ವರ್ಷ ಒಂದೇ ಕಡೆ ದುಡಿದವರಿಗೆ ಇದೇನು ಲೆಕ್ಕ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು.

ಸಾಕ್ಷಿಯ ದಿನ ಕಂಪನಿಯ ವಕೀಲರು ಹಾಜರಿ ಪುಸ್ತಕ ತಂದು ಮುಂದಿಟ್ಟರು. ವಯಸ್ಸಾದವರು, ಮೆದುಮಾತಿನವರು, ಸಾಕ್ಷಿಯನ್ನು ಗದರಿಸಿ ಗೊತ್ತಿಲ್ಲದವರು. ಸಾಕ್ಷಿಕಟ್ಟೆಯಲ್ಲಿ ನಿಂತ ಸಿದ್ರಾಮಪ್ಪನವರಿಗೆ ಪುಟ ತೆರೆದು ತೋರಿಸಿ, ಈ ಸಹಿ ನಿಮ್ಮದೇ ಎಂದರು. ಹೌದು. ಇದು? ಅದೂ ಹೌದು. ಸಹಿಯ ಈ ಮನೆ ಖಾಲಿ ಇದೆಯಲ್ಲ, ಇದು ಯಾವ ವಾರ? ಸೋಮವಾರ. ಇದು? ಅದೂ ಸೋಮವಾರ. ಖಾಲಿ ಬಿಟ್ಟವರು ಮೇಲ್ವಿಚಾರಕರೋ ನೀವೋ? ನಾನೇ, ಸಹಿ ಮಾಡು ಎಂದು ಅವರು ಪುಸ್ತಕ ಮುಂದೆ ಹಿಡಿದರೂ ನಾನೇ ಮಾಡುತ್ತಿರಲಿಲ್ಲ. ಏಕೆ? ಸೋಮವಾರ ಕೆಲಸ ಇರುವುದಿಲ್ಲವಲ್ಲ ಸಾಹೇಬರೇ. ಮುರುಕು ಮರಾಠಿಯಲ್ಲಿ, ಅಂಜಿಕೆಯಿಲ್ಲದೆ, ಕೇಳಿದವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರದಿಂದ ಹೇಳಿದರು. ಕಂಪನಿಯ ವಕೀಲರು ನಾಲ್ಕನೆಯ ಕಂಡಿಕೆಯನ್ನು ಎತ್ತಿ ಓದಿದರು. ಪುಸ್ತಕವೂ ಶಪಥಪತ್ರವೂ ಒಂದೇ ಮಾತು ಹೇಳುತ್ತಿದ್ದವು. ಸೋಮವಾರ, ಅಮಾವಾಸ್ಯೆ, ತೋಟಕ್ಕೆ ರಜೆ ಇರುವ ರವಿವಾರ, ಮಂಡಿನೋವಿನಿಂದ ಮಲಗಿದ್ದ ಒಂದು ತಿಂಗಳು ಎಲ್ಲ ಕಳೆದು ಉಳಿಯುವುದು ಇನ್ನೂರ ಇಪ್ಪತ್ತೊಂದು ದಿನ ಎಂದು ಹೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು.

ಗೋಡೆಗೆ ಆತು ಕೂತಿದ್ದ ನಾನು ನಾಲ್ಕನೆಯ ಕಂಡಿಕೆಯ ನಕಲನ್ನು ತೆರೆದು ಮತ್ತೊಮ್ಮೆ ಓದಿದೆ. ಯಾರೋ ಸುಳ್ಳು ಹೇಳಿ ನಮ್ಮನ್ನು ಸೋಲಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು. ಇಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲ. ನನ್ನ ಕಕ್ಷಿದಾರರು ನಿಜ ಹೇಳಿದ್ದರು, ನಾನು ನಿಜ ಬರೆದಿದ್ದೆ, ಆ ನಿಜವೇ ಆ ಮನುಷ್ಯನ ನೌಕರಿಯನ್ನು ಕೊಚ್ಚಿಕೊಂಡು ಹೊರಟಿತ್ತು. ಹದಿನಾರು ವರ್ಷ ಜತನ ಮಾಡಿಕೊಂಡಿದ್ದ ಆ ಒಂದು ಮೊಳದ ದೂರ ಆ ಕ್ಷಣದಲ್ಲಿ ಎಲ್ಲಿ ಹೋಯಿತೋ ತಿಳಿಯದು. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ನಮ್ಮ ಕಡೆಯ ಮರುಪ್ರಶ್ನೆಗಳು ಊಟದ ಬಿಡುವಿನ ನಂತರ ಎಂದಾಯಿತು. ವರಾಂಡದಲ್ಲಿ ವಕೀಲಬಾಯಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಸೋಮವಾರ ಇವರು ತೋಟಕ್ಕೇ ಹೋಗುತ್ತಿರಲಿಲ್ಲವೇ ಎಂದಷ್ಟೇ ಕೇಳಿದರು. ಹೋಗದೆ ಹೇಗೆ ಎಂದೆ. ಎತ್ತುಗಳಿಗೆ ಮೇವು ನೀರು ಯಾರು ಕೊಡಬೇಕು, ಕೊಟ್ಟಿಗೆಯ ಸಗಣಿ ಯಾರು ಬಳಿಯಬೇಕು? ಸೋಮವಾರವಂತೂ ಅವಕ್ಕೆ ಮೈ ತೊಳೆಯಬೇಕು, ಕೋಡಿಗೆ ಎಣ್ಣೆ ಹಚ್ಚಬೇಕು, ಹಣೆಗೆ ವಿಭೂತಿ ಇಡಬೇಕು, ಒಣಗಿದ ತೊಗಲಿನ ಮಿಣಿ, ಬಾರುಕೋಲು ಸರಿ ಮಾಡಬೇಕು. ಅವರು ನನ್ನನ್ನೇ ದಿಟ್ಟಿಸಿ, ಹಾಗಾದರೆ ಬೆಳಗಿನಿಂದ ಸಂಜೆತನಕ ಇದೆಲ್ಲ ಮಾಡಿದ್ದು ಏನು ಎಂದರು. ನನ್ನ ಬಾಯಿಗೆ ಬಂದ ಉತ್ತರ ನಮ್ಮವ್ವನದು. ಅದನ್ನು ಅಲ್ಲೇ ನುಂಗಿಕೊಂಡೆ.

ಸಾಕ್ಷಿಗೆ ಪಾಠ ಹೇಳಿಕೊಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ವಕೀಲಬಾಯಿ ಅದರಲ್ಲಿ ಬಲು ಕಟ್ಟುನಿಟ್ಟು; ನಾನು ಏನು ಕೇಳುತ್ತೇನೆಂದು ಹೇಳಬೇಡ, ಅವರು ಏನು ಹೇಳಬೇಕೆಂದಂತೂ ಹೇಳಲೇಬೇಡ, ಅವರೊಡನೆ ಕೂತು ಒಂದಿಷ್ಟು ಉಂಡು ಬಾ ಎಂದು ಕಳಿಸಿದರು. ಬೇವಿನ ಮರದ ಕಟ್ಟೆಯ ಮೇಲೆ ಸಿದ್ರಾಮಪ್ಪ ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ. ನನಗೂ ಒಂದು ರೊಟ್ಟಿ ಕೊಟ್ಟರು. ತಮ್ಮ ಮಾತಿನಿಂದ ಏನಾಗಿದೆ ಎಂಬುದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಇನ್ನೂರ ಇಪ್ಪತ್ತೊಂದು ಇನ್ನೂರ ನಲವತ್ತಕ್ಕಿಂತ ಕಡಿಮೆ ಎನ್ನುವುದಕ್ಕೆ ಮರಾಠಿ ಬರಬೇಕಾಗಿಲ್ಲ. ನಾನು ತಡೆದುಕೊಳ್ಳಲಾರದೆ, ನಾಲ್ಕನೆಯ ಕಂಡಿಕೆ ನನ್ನ ತಪ್ಪು ಕಾಕಾ, ನಾನು ಬಿಡಿಸಿ ಕೇಳಬೇಕಾಗಿತ್ತು ಎಂದೆ. ಅವರು ಒಪ್ಪಲಿಲ್ಲ.

"ತಪ್ಪು ಯಾವದು ತಾಯಿ? ಇದ್ದದ್ದೇ ಬರ್ದೀರಿ. ಸ್ವಾಮಾರ ನಾ ಕೆಲಸ ಮಾಡೀನಿ ಅಂತ ದೇವರ ಮ್ಯಾಲ ಆಣಿ ಇಟ್ಟು ಹ್ಯಾಂಗ ಅನ್ಲಿ? ಅವತ್ತಿಂದು ಪಗಾರಾನೂ ತೊಗೊಂಡಿಲ್ಲ ನಾ. ಶಿವಂದು ಅಂತ ಬಿಟ್ಟಿದ್ದ ದಿನ ಅದು."

ನಾನು ರೊಟ್ಟಿ ಮುರಿಯುತ್ತಾ ಕೂತೆ. ನಮ್ಮ ಇಡೀ ಕಾಯ್ದೆ ಒಂದು ನಂಬಿಕೆಯ ಮೇಲೆ ನಿಂತಿದೆ ಎಂದು ಆಗ ಅನ್ನಿಸಿತು: ದುಡಿದವನು ದುಡಿದೆ ಎನ್ನುತ್ತಾನೆ, ದುಡಿಸಿಕೊಂಡವನು ಇಲ್ಲ ಎನ್ನುತ್ತಾನೆ ಎಂಬ ನಂಬಿಕೆ. ದುಡಿದವನೇ ಇಲ್ಲ ಎಂದರೆ ಏನು ಮಾಡಬೇಕೆಂದು ಯಾವ ಕಲಮಿನಲ್ಲೂ ಬರೆದಿಲ್ಲ. ನಮ್ಮವ್ವ ಕೋರ್ಟಿಗೆ ಹೋದರೆ ಅವಳದೂ ಸೊನ್ನೆಯೇ. ಅಪ್ಪನ ಮೂವತ್ತು ಹೊಸ್ತಿಲುಗಳೂ ಸೊನ್ನೆಯೇ. ಅವರಿಗೆ ಅದು ಕೆಲಸ ಎಂದು ಹೇಳಿದರೆ ಹೊಗಳಿದಂತಾಗುವುದಿಲ್ಲ, ಏನನ್ನೋ ಕಸಿದಂತಾಗುತ್ತದೆ. ಆದರೆ ಎದುರಿಗೆ ಕೂತ ಈ ಮನುಷ್ಯನಿಗೆ ನೌಕರಿ ಬೇಕು, ಬುತ್ತಿಯಲ್ಲಿರುವುದು ಅಣ್ಣನ ಮನೆಯ ಜೋಳ. ಕೊನೆಗೆ ಇಷ್ಟು ಮಾತ್ರ ಹೇಳಿದೆ: ಕಾಕಾ, ಕೆಲಸ ಹೌದೋ ಅಲ್ಲವೋ ಎಂಬುದನ್ನು ನೀವೂ ಹೇಳಬೇಡಿ, ನಾನೂ ಹೇಳುವುದಿಲ್ಲ, ಯಾರಾದರೂ ಕೇಳಿದರೆ ಆ ದಿನ ಏನೇನು ಆಯಿತೋ ಅದನ್ನು ಎದ್ದಾಗಿನಿಂದ ಹೇಳಿ. ಅವರು ಹಿಂಡಿಯ ಬೆರಳು ನೆಕ್ಕಿ, "ಏನ್ ಮಾಡೀನಿ ಅಂದ್ರ ಹೇಳ್ತೀನಿ. ಅದಕ್ಕ ಏನ್ ಅನ್ನಬೇಕೋ ಅವರು ಅಂದ್ಕೊಳ್ಲಿ," ಎಂದರು. ಇದು ಪಾಠ ಹೇಳಿಕೊಟ್ಟಂತಾಯಿತೇ ಎಂದು ಇವತ್ತಿಗೂ ಒಮ್ಮೊಮ್ಮೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ದಿನಕ್ಕೊಂದು ಬರುತ್ತದೆ.

ಉಳಿದ ಅರ್ಧ ಗಂಟೆ ನಾನು ಹಾಜರಿ ಪುಸ್ತಕದ ನಕಲಿನೊಳಗೆ ಮುಳುಗಿದೆ. ತಪ್ಪು ಮಾಡಿದವಳ ಕಣ್ಣು ಬಲು ಚುರುಕು ನೋಡಿ. ಸೋಮವಾರದ ಖಾಲಿ ಮನೆಗಳನ್ನು ದಾಟಿ ಪಕ್ಕದ ರವಿವಾರಕ್ಕೆ ಬಂದೆ. ತೋಟಕ್ಕೆ ರಜೆ, ಸಿದ್ರಾಮಪ್ಪನವರಿಗೂ ರಜೆ. ಆದರೆ ಎತ್ತಿನ ಹೊಟ್ಟೆಗೆ ರಜೆ ಎಲ್ಲಿಯದು? ಪುಟದ ಕೆಳಗೆ ರವಿವಾರಕ್ಕೆಂದು ಮಾತ್ರ ಬರುತ್ತಿದ್ದ ಇನ್ನೊಬ್ಬ ಆಳಿನ ಹೆಸರಿತ್ತು, ಅವನ ಹೆಬ್ಬೆಟ್ಟಿತ್ತು, ಮುಂದೆ ಕಂಪನಿಯ ಮೇಲ್ವಿಚಾರಕರದೇ ಕೈಬರಹದಲ್ಲಿ ಮರಾಠಿಯಲ್ಲಿ ಬರೆದಿತ್ತು: ಕೆಲಸ, ಎತ್ತುಗಳಿಗೆ ಮೇವು ನೀರು, ಕೊಟ್ಟಿಗೆ ಸ್ವಚ್ಛತೆ. ಇಡೀ ವರ್ಷದ ಒಂದೊಂದು ರವಿವಾರಕ್ಕೂ ಅದೇ. ಪುಟಗಳ ತುದಿ ಮಡಚಿ ವಕೀಲಬಾಯಿಯ ಕೈಗಿಟ್ಟೆ. ಅವರು ಓದಿದರು, ನನ್ನ ಭುಜದ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ನಡೆದರು.

ಮಧ್ಯಾಹ್ನ ಅವರು ಕೇಳಿದ್ದು ಎರಡೇ ಪ್ರಶ್ನೆ. ಸೋಮವಾರ ಎಲ್ಲಿರುತ್ತಿದ್ದಿರಿ, ಅಲ್ಲಿ ಏನು ಮಾಡುತ್ತಿದ್ದಿರಿ. ಸಿದ್ರಾಮಪ್ಪ ಎದ್ದಾಗಿನಿಂದ ಶುರು ಮಾಡಿದರು. ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ಉಜ್ಜಿದ್ದು, ಒಂದೊಂದಕ್ಕೆ ನೀರಿನ ಅಂಜಿಕೆ ಇದ್ದದ್ದು, ಗೊರಸಿನ ಸಂದಿಯ ಕಲ್ಲು ತೆಗೆದದ್ದು, ಜೋಳದ ಕಣಿಕೆ ಕತ್ತರಿಸಿದ್ದು, ನೆನೆಸಿದ ದನದ ಹಿಂಡಿ ಇಟ್ಟದ್ದು, ಕೊಟ್ಟಿಗೆಯ ಸಗಣಿ ತಿಪ್ಪೆಗೆ ಹೊತ್ತದ್ದು, ಹಗ್ಗ ಹೊಸೆದದ್ದು, ಸಂಜೆ ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟದ್ದು. ಬರೆದುಕೊಳ್ಳುವವರ ಕೈ ಸೋತು ಎರಡು ಸಲ ನಿಲ್ಲಿಸಿದರು. ಕಂಪನಿಯ ವಕೀಲರು ಎದ್ದು, ಇದನ್ನು ನೀವೇ ಕೆಲಸವಲ್ಲ ಎಂದಿರಲ್ಲ ಎಂದರು. ಆಗ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ನೀವು ಸೋಮವಾರ ಹೋಗದಿದ್ದರೆ ಏನಾಗುತ್ತಿತ್ತು ಎಂದು ತಾವೇ ಕೇಳಿದರು. ಸಿದ್ರಾಮಪ್ಪನವರ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. ಮರಾಠಿ ಕೈಕೊಟ್ಟು ಕನ್ನಡವೇ ಬಂತು: "ಹೋಗದ ಹ್ಯಾಂಗ್ರಿ ಸಾಹೇಬ್ರ? ಉಪಾಸ ನಿಂದರತಿದ್ದವ್ರಿ ಅವು." ನ್ಯಾಯಾಧೀಶರಿಗೆ ಯಾರೂ ಅನುವಾದಿಸಬೇಕಾಗಲಿಲ್ಲ. ಆಮೇಲೆ ವಕೀಲಬಾಯಿ ರವಿವಾರದ ಪುಟಗಳನ್ನು ತೋರಿಸಿದರು.

ತೀರ್ಪು ಬರಲು ಎರಡು ತಿಂಗಳು ಹಿಡಿಯಿತು. ಗೆದ್ದಿದ್ದೆವು. ರವಿವಾರ ಒಬ್ಬನು ಮಾಡಿದರೆ ಕೆಲಸವಾಗುವುದು ಸೋಮವಾರ ಇನ್ನೊಬ್ಬನು ಮಾಡಿದಾಗ ಕೆಲಸವಲ್ಲ ಎನ್ನಲಾಗದು, ಕೆಲಸಗಾರನು ಅದನ್ನು ಏನೆಂದು ಭಾವಿಸಿದ ಎಂಬುದರ ಮೇಲೆ ಅದು ನಿಂತಿಲ್ಲ, ಸೋಮವಾರಗಳನ್ನು ಸೇರಿಸಿದರೆ ದಿನಗಳು ಇನ್ನೂರ ಅರವತ್ತನ್ನು ದಾಟುತ್ತವೆ, ಆದ್ದರಿಂದ ಇವರನ್ನು ಮೊದಲಿನ ಅಥವಾ ಅದಕ್ಕೆ ಸಮನಾದ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳತಕ್ಕದ್ದು. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಲಿಲ್ಲ; ಬೀಜ ದಾಸ್ತಾನಿಡುವ ಕೋಠಿ ಕಾಯುವ ಕೆಲಸವಿದೆ, ಬರುವ ಸೋಮವಾರ ಬಂದು ಹಾಜರಾಗಲಿ ಎಂದು ತಿಳಿಸಿದರು.

ಸಿದ್ರಾಮಪ್ಪನವರನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿ ತೀರ್ಪನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಈ ಕ್ಷಣ ನನ್ನ ವೃತ್ತಿಯ ಹಬ್ಬ. ಗೆದ್ದವರ ಮುಖ ಅರಳುವುದನ್ನು ನೋಡಲು ನಾನು ಬೇಕೆಂತಲೇ ನಿಧಾನ ಓದುತ್ತೇನೆ. ಮರಳಿ ಸೇರಿಸಿಕೊಳ್ಳತಕ್ಕದ್ದು ಎಂಬಲ್ಲಿ ಅವರ ಮುಖ ಅರಳಿತು, ನಿಜ. ಕೈಮುಗಿದರು. ಆಮೇಲೆ, ಆ ಸೋಮವಾರದ ಸಾಲನ್ನು ಮತ್ತೊಂದು ಸಲ ಓದಿ ಎಂದರು. ಓದಿದೆ. ಹಳ್ಳ, ಗೊರಸು, ಕಣಿಕೆ, ವಿಭೂತಿ ಎಲ್ಲವೂ ನ್ಯಾಯಾಧೀಶರ ತೂಕದ ಮರಾಠಿಯಲ್ಲಿ ಸಾಲಾಗಿದ್ದವು; ಕೊನೆಗೆ, ಇವೆಲ್ಲವೂ ನಿರ್ವಿವಾದವಾಗಿ ಕೆಲಸ ಎಂದಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟರು.

"ಹಂಗಾರ ತಾಯಿ, ಹನ್ನೊಂದು ವರ್ಷದಾಗ ಶಿವಗ ಅಂತ ನಾ ಒಂದು ದಿನಾನೂ ಕೊಟ್ಟಿಲ್ಲ ಅಂದಂಗಾತು. ನೀವು ಅಯ್ಯನವರ ಮನಿತನದವರು, ನೀವ ಹೇಳ್ರಿ."

ನಾನು ತೀರ್ಪಿನ ಪುಟಗಳನ್ನು ಹಿಂದೆ ಮುಂದೆ ತಿರುವತೊಡಗಿದೆ. ಅವರ ನೌಕರಿಯನ್ನು ತಂದುಕೊಟ್ಟದ್ದು ಯಾವುದೋ, ಅದೇ ಅವರ ಸೋಮವಾರಗಳನ್ನೂ ಒಂದುಳಿಯದಂತೆ ತೆಗೆದುಕೊಂಡಿತ್ತು. ಪುಟದ ತುದಿ ಮಡಚಿ ಕೊಟ್ಟ ಕೈ ನನ್ನದು. ಅಪ್ಪನಾದರೆ ಏನು ಹೇಳುತ್ತಿದ್ದರೋ ಎಂದು ಯೋಚಿಸಿದೆ. ಅಪ್ಪನನ್ನು ಇದುವರೆಗೂ ಕೇಳುವ ಧೈರ್ಯ ಬಂದಿಲ್ಲ.

ನಾನು ಪುಟ ತಿರುವುತ್ತಲೇ ಇದ್ದುದನ್ನು ನೋಡಿ ಅವರೇ ನನ್ನನ್ನು ಪಾರು ಮಾಡಿದರು. ಕಂಪನಿಗೆ ಒಂದು ಅರ್ಜಿ ಬರೆದುಕೊಡಿ ಎಂದರು: ಸೋಮವಾರ ಬಾರದೆ ಮಂಗಳವಾರ ಹಾಜರಾಗುತ್ತೇನೆ, ಇನ್ನು ಮುಂದೆ ವಾರದ ರಜೆ ಎಲ್ಲರಂತೆ ರವಿವಾರ ಬೇಡ, ಸೋಮವಾರ ಕೊಡಬೇಕು. ಬರೆದೆ. ಮೆದುಮಾತಿನ ಆ ವಕೀಲರಿಗೆ ನಾನೇ ಫೋನು ಮಾಡಿ ಒಪ್ಪಿಸಿದೆ. ಸಹಿ ಹಾಕುತ್ತಿದ್ದವರನ್ನು, ಈಗ ಆ ತೋಟದಲ್ಲಿ ಎತ್ತೇ ಇಲ್ಲವಲ್ಲ ಕಾಕಾ, ಸೋಮವಾರ ಏನು ಮಾಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತು, ತಾರೀಖು ಕೇಳುವವರ ಚಟ ಅಷ್ಟು ಬೇಗ ಬಿಡುವುದಿಲ್ಲ.

ಅವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. "ಏನಾರ ಮಾಡ್ತೀನಿ ತಾಯಿ. ನೀವ ಮಾತ್ರ ಅದನ್ನ ಯಾವ ಕಾಗದದಾಗೂ ಬರೀಬ್ಯಾಡ್ರಿ."

ಇದಾಗಿ ಒಂದು ವರ್ಷವಾಯಿತು. ಸೋಮವಾರ ಅವರು ಏನು ಮಾಡುತ್ತಾರೆಂದು ನನಗೆ ಈಗ ಗೊತ್ತಿದೆ. ನಿಮಗೆ ಇಷ್ಟೆಲ್ಲ ಹೇಳಿದವಳು ಅದೊಂದನ್ನು ಇಲ್ಲಿ ಬರೆಯುವುದಿಲ್ಲ.